ತಗಡಿನ ವ್ಯಾನಿಗೆ ಉಣ್ಣೆಯ ಕೌದಿ

ಮಕ್ಕಳೇ, ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ವ್ಯಾನಿನ ಬಾಗಿಲು ತೆಗೆದು ನೋಡಿದ್ದೀರಾ? ಒಲೆಯ ಬಾಯಿಗೆ ಮುಖ ಒಡ್ಡಿದ ಹಾಗೆ ಝಳ ಬಡಿಯುತ್ತದೆ. ಅದೇ ವ್ಯಾನಿನ ಗೋಡೆಯನ್ನು ಡಿಸೆಂಬರಿನ ಬೆಳಗಿನ ಜಾವ ಮುಟ್ಟಿದರೆ ಕೈ ಮರಗಟ್ಟುತ್ತದೆ. ಹೊರಗಿನ ಬಿಸಿಯನ್ನೂ ಚಳಿಯನ್ನೂ ತಗಡು ತಡೆಯದೆ ಒಳಕ್ಕೆ ಬಿಡುತ್ತದೆ. ಅಂಥ ತಗಡಿನ ಡಬ್ಬಿಯೊಳಗೆ ವಯಸ್ಸಾದವರೊಬ್ಬರು ಹಾಯಾಗಿ ಮಲಗುವಂತಾಗಲು ಏನೇನು ಮಾಡಬೇಕು? ಹೋದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯವರೆಲ್ಲ ಸೇರಿ ಮಾಡಿದ ಆ ಕೆಲಸದ ಕಥೆ ಇದು.

ನಾವು ಚಿತ್ರದುರ್ಗದವರು. ನಾನು ನಲವತ್ತು ವರ್ಷದಿಂದ ಬಟ್ಟೆ ಹೊಲಿಯುವವಳು. ನಮ್ಮ ಯಜಮಾನರು ಹನ್ನೆರಡು ಸೀಟಿನ ವ್ಯಾನಿನಲ್ಲಿ ಶಾಲೆ ಮಕ್ಕಳನ್ನು ಕರೆದೊಯ್ಯುತ್ತಿದ್ದರು. ಎರಡು ವರ್ಷದ ಹಿಂದೆ ಅವರಿಗೆ ಬೆನ್ನಿನ ಆಪರೇಷನ್ ಆಯಿತು. ಒಂದೇ ಸಮನೆ ಮುಕ್ಕಾಲು ಗಂಟೆಗಿಂತ ಹೆಚ್ಚು ಕೂರಬಾರದು, ಬಗ್ಗಬಾರದು, ಕೂತೆದ್ದ ಮೇಲೆ ಸ್ವಲ್ಪ ಹೊತ್ತು ನೇರವಾಗಿ ಮಲಗಬೇಕು ಎಂದು ಡಾಕ್ಟರು ಹೇಳಿದರು. ಅಲ್ಲಿಗೆ ಬಸ್ಸಿನ ಪ್ರಯಾಣ ಮುಗಿಯಿತು. ಅವರ ಅಕ್ಕ, ಅಂದರೆ ನನ್ನ ಅತ್ತಿಗೆ, ಸಾಗರದ ಹತ್ತಿರದ ಹಳ್ಳಿಯಲ್ಲಿದ್ದಾರೆ. ವಯಸ್ಸು 84. ಪ್ರತಿ ಭಾನುವಾರ ಫೋನಿನಲ್ಲಿ ಅವರದು ಒಂದೇ ಪ್ರಶ್ನೆ: “ಯಾವಾಗ ಬರ್ತೀಯೋ ತಮ್ಮಾ?” ಇವರದೂ ಒಂದೇ ಉತ್ತರ: “ಬರ್ತೀನಕ್ಕಾ.” ಫೋನ್ ಇಟ್ಟ ಮೇಲೆ ಬಹಳ ಹೊತ್ತು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಮನೆ ಮುಂದೆ ಸುಮ್ಮನೆ ನಿಂತಿದ್ದ ವ್ಯಾನನ್ನು ಗುಜರಿಗೆ ಹಾಕೋಣ ಎಂದ ಮಗ. “ಗುಜರಿಗೆ ಯಾಕೆ? ಅದರೊಳಗೊಂದು ಮಂಚ ಹಾಕು” ಎಂದೆ ನಾನು.

ಹೀಗೆ ಮಾಡಲು ಹೊರಟವರು ಮೊದಲು ಹೋಗಬೇಕಾದದ್ದು ಸಾರಿಗೆ ಕಚೇರಿಗೆ. ಸೀಟು ತೆಗೆದು ವಾಹನದ ರೂಪ ಬದಲಿಸಲು ಒಪ್ಪಿಗೆ ಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಬಾಡಿಗೆಗೆ ಓಡಿದ ವ್ಯಾನನ್ನು ಸ್ವಂತಕ್ಕೆ ಬದಲಿಸಿಕೊಳ್ಳಲೂ ಅಲ್ಲಿಗೇ ಹೋಗಬೇಕು. ಇನ್ನೊಂದು ಮಾತು: ವ್ಯಾನು ಓಡುವಾಗ ಯಾರೂ ಮಲಗುವಂತಿಲ್ಲ. ಎಲ್ಲರೂ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂರಬೇಕು. ಮಂಚ ಇರುವುದು ನಿಲ್ಲಿಸಿದಾಗ ಬೆನ್ನು ಚಾಚುವುದಕ್ಕೆ. ನಿಂತ ವ್ಯಾನೇ ಬೇಗ ಕಾಯುತ್ತದಲ್ಲ, ನಮ್ಮ ಚಿಂತೆ ಇದ್ದದ್ದು ಅಲ್ಲೇ.

ಮೊದಲ ಶತ್ರು ನೀರು

ಹಳೆಯ ವ್ಯಾನಿಗೆ ಸೆಕೆಗಿಂತ ದೊಡ್ಡ ಶತ್ರು ನೀರು. ತುಕ್ಕಿನ ಮೇಲೆ ಹೊಸ ಹಲಗೆ ಹಾಸಿದರೆ ಮೇಲೆ ಚೆಂದ, ಕೆಳಗೆ ತಗಡು ದಿನಾ ಕರಗುತ್ತಿರುತ್ತದೆ. ಹಾಗಾಗಿ ಸೀಟು ಬಿಚ್ಚಿ, ಹಳೆಯ ಮ್ಯಾಟ್ ಕಿತ್ತು, ನೆಲವನ್ನು ಪೂರ್ತಿ ಬರಿದು ಮಾಡಿದೆವು.

ಆಮೇಲೆ ಮಕ್ಕಳ ಪಾಲಿನ ಕೆಲಸ. ಏಳನೇ ತರಗತಿಯ ಮೊಮ್ಮಗಳು, ನಾಲ್ಕನೇ ತರಗತಿಯ ಮೊಮ್ಮಗ ಸೀಮೆಸುಣ್ಣ ಹಿಡಿದು ಒಳಗೆ ಕೂತರು. ಮಗ ಹೊರಗಿನಿಂದ ಚಾವಣಿ, ಕಿಟಕಿಗಳ ಮೇಲೆ ಪೈಪಿನಲ್ಲಿ ನೀರು ಬಿಟ್ಟ. ಎಲ್ಲಿ ಹನಿ ಕಂಡರೂ ಒಳಗಿದ್ದವರು ಗುರುತು ಹಾಕಬೇಕು. “ಅಜ್ಜೀ, ಇಲ್ಲೊಂದು! ಅಲ್ಲೊಂದು!” ಎರಡು ಕಿಟಕಿಗಳ ರಬ್ಬರ್ ಒಣಗಿ ಬಿರಿದಿತ್ತು. ಅವನ್ನು ಬದಲಿಸಿದೆವು.

ಹಿಂಬದಿ ಚಕ್ರದ ಹತ್ತಿರ ನೆಲದಲ್ಲಿ ಅಂಗೈ ಅಗಲದ ತೂತು ಸಿಕ್ಕಿತು. ವೆಲ್ಡಿಂಗ್ ಅಂಗಡಿಯವರು ಬಂದು ನೋಡಿ, “ನೆಲದ ತಗಡು ತೂತಾದರೆ ತೇಪೆ ಹಾಕಬಹುದಮ್ಮಾ. ಚಾಸಿಗೇ ತುಕ್ಕು ಹಿಡಿದಿದ್ದರೆ ಗುಜರಿಯೇ ಗತಿ” ಎಂದರು. ಸಣ್ಣ ಸುತ್ತಿಗೆ ಹಿಡಿದು ವ್ಯಾನಿನ ಕೆಳಗೆ ನುಗ್ಗಿದರು. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಒಳಗೆ ತಿಂದುಹೋದದ್ದು ದಬ್ ಅನ್ನುತ್ತದೆ. ನಮ್ಮ ಯಜಮಾನರು ಜಗಲಿಯ ಕಂಬ ಹಿಡಿದು ನಿಂತು ಒಂದೊಂದು ಏಟಿಗೂ ಕಿವಿಗೊಟ್ಟರು. ಟಣ್, ಟಣ್, ಟಣ್. ಮುಂದಿನಿಂದ ಹಿಂದಿನವರೆಗೂ ಟಣ್. ಆ ದಿನ ಮೊದಲ ಬಾರಿಗೆ ಅವರಾಗಿಯೇ ಕೇಳಿದರು: “ಮಂಚ ಯಾವ ಕಡೆಗೆ ಹಾಕ್ತೀರಿ?”

ತೂತಿಗೆ ತೇಪೆ ಬೆಸೆದಾಯಿತು. ವೆಲ್ಡಿಂಗಿನ ಕಿಡಿ ಹಾರುವ ಕೆಲಸವೆಲ್ಲ ಫೋಮು, ಬಟ್ಟೆ ಒಳಗೆ ಬರುವ ಮುಂಚೆಯೇ ಮುಗಿಯಬೇಕು. ತಂತಿ ಬ್ರಷ್ಷಿನಿಂದ ತುಕ್ಕು ಕೆರೆದು, ಮರಳು ಕಾಗದ ತಿಕ್ಕಿ, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಎರಡು ಸಲ ಬಣ್ಣ ಹಚ್ಚಿದೆವು. ಬಾಗಿಲುಗಳ ತಳದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಕಿಟಕಿಯ ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿದ ಮಳೆನೀರು ಅಲ್ಲಿಂದಲೇ ಹೊರಗೆ ಹೋಗುವುದು. ಅವನ್ನು ಮುಚ್ಚಬಾರದು. ಅದಕ್ಕಾಗಿ ಬಾಗಿಲುಗಳ ಹೊಟ್ಟೆಯನ್ನು ಖಾಲಿಯೇ ಬಿಟ್ಟೆವು.

ಶಾಖ ಬರುವ ಮೂರು ದಾರಿ

ಶಾಖ ಮೂರು ದಾರಿಯಲ್ಲಿ ಸಾಗುತ್ತದೆ ಎಂದು ಮೊಮ್ಮಗಳ ವಿಜ್ಞಾನ ಪುಸ್ತಕದಲ್ಲಿದೆ. ಕಾದ ಬಾಣಲೆಯಲ್ಲಿಟ್ಟ ಸೌಟಿನ ಹಿಡಿ ಬಿಸಿಯಾಗುವುದು ವಹನ. ಕುದಿಯುವ ನೀರಿನಲ್ಲಿ ಬಿಸಿನೀರು ಮೇಲೆದ್ದು ತಣ್ಣೀರು ಕೆಳಗಿಳಿಯುವುದು ಸಂವಹನ. ಒಲೆಯನ್ನು ಮುಟ್ಟದಿದ್ದರೂ ಎದುರು ಕೂತವರ ಮುಖ ಕಾಯುವುದು ವಿಕಿರಣ. ಬಿಸಿಲಿನಲ್ಲಿ ನಿಂತ ವ್ಯಾನಿನೊಳಗೆ ಈ ಮೂರೂ ನಡೆಯುತ್ತವೆ.

ಇವನ್ನು ತಡೆಯುವ ಅಗ್ಗದ ವಸ್ತು ಯಾವುದು ಗೊತ್ತೇ? ಅಲುಗಾಡದ ಗಾಳಿ. ಉಕ್ಕಿಗೆ ಹೋಲಿಸಿದರೆ ನಿಂತ ಗಾಳಿಯಲ್ಲಿ ಶಾಖ ಸಾವಿರ ಪಟ್ಟಿಗಿಂತಲೂ ನಿಧಾನವಾಗಿ ಸಾಗುತ್ತದೆ. ಫೋಮು, ಉಣ್ಣೆ, ಹತ್ತಿ ಇವೆಲ್ಲ ಮಾಡುವುದು ಇಷ್ಟೇ: ಗಾಳಿಯನ್ನು ಸಣ್ಣ ಸಣ್ಣ ಗೂಡುಗಳಲ್ಲಿ ಹಿಡಿದು ಕೂರಿಸುತ್ತವೆ. ಒತ್ತಿ ಒತ್ತಿ ತುಂಬಿದರೆ ಗಾಳಿ ಹೊರಟುಹೋಗಿ ಪ್ರಯೋಜನ ಕಡಿಮೆಯಾಗುತ್ತದೆ.

ಎಲ್ಲ ಕಡೆಗೂ ಥರ್ಮೊಕೋಲ್ ಅಂಟಿಸೋಣ, ಅಗ್ಗ ಎಂದ ಮಗ. ಅದು ವ್ಯಾನಿನ ಕುಲುಕಾಟಕ್ಕೆ ಕಿರುಗುಟ್ಟಿ ಪುಡಿಯಾಗುತ್ತದೆ, ಬೆಂಕಿಗೆ ಬೇಗ ಕರಗುತ್ತದೆ, ಕೆಲವು ಗೋಂದು ಅದನ್ನು ತಿಂದೇಹಾಕುತ್ತದೆ. ಅದನ್ನು ಬಿಟ್ಟು ಎ.ಸಿ. ಕೊಳವೆಗಳಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಹಾಳೆ ತಂದೆವು. ಅದರೊಳಗಿನ ಗೂಡುಗಳು ಮುಚ್ಚಿಕೊಂಡಿರುವುದರಿಂದ ನೀರು ಕುಡಿಯುವುದಿಲ್ಲ.

ತಾತನ ತಲೆ ಮತ್ತು 70 ಮಿಲಿಮೀಟರ್

ಈಗ ಒಂದು ಲೆಕ್ಕ. ತಾತ ಬಗ್ಗುವಂತಿಲ್ಲ. ಬರಿ ನೆಲದ ಮೇಲೆ ನೆಟ್ಟಗೆ ನಿಂತಾಗ ಅವರ ತಲೆಗೂ ಚಾವಣಿಯ ಅಡ್ಡಪಟ್ಟಿಗೂ ನಡುವೆ ಇದ್ದ ಜಾಗ 70 ಮಿ.ಮೀ. ನೆಲ, ಚಾವಣಿ ಎರಡಕ್ಕೂ ನಾವು ಹಾಸುವುದೆಲ್ಲ ಅದರೊಳಗೇ ಮುಗಿದು ಇನ್ನೂ ಜಾಗ ಉಳಿಯಬೇಕು.

ಬಿಸಿಲು ಹೊಡೆಯುವುದು ಹೆಚ್ಚಾಗಿ ಚಾವಣಿಗೆ. ಅಡ್ಡಪಟ್ಟಿಗಳ ನಡುವೆ ಖಾಲಿ ಗುಳಿಗಳಿದ್ದವು. 19 ಮಿ.ಮೀ. ದಪ್ಪದ ರಬ್ಬರ್ ಹಾಳೆಯನ್ನು ಆ ಗುಳಿಯೊಳಗೇ ಅಂಟಿಸಿದೆವು, ಎತ್ತರ ಕಡಿಮೆಯಾಗಲಿಲ್ಲ. ಆದರೆ ಪಟ್ಟಿಗಳೂ ಉಕ್ಕಿನವೇ ತಾನೇ? ಶಾಖ ಅವನ್ನೇ ಸೇತುವೆ ಮಾಡಿಕೊಂಡು ಒಳಗೆ ದಾಟುತ್ತದೆ. ಅದಕ್ಕೆ ಪಟ್ಟಿಗಳ ಮೇಲೂ 6 ಮಿ.ಮೀ. ಹಾಳೆಯ ತುಂಡು ಹಚ್ಚಿ, ಅದರ ಮೇಲೆ 4 ಮಿ.ಮೀ. ಪ್ಲೈವುಡ್ ಕೂರಿಸಿದೆವು. ಚಾವಣಿಯ ಲೆಕ್ಕ 10 ಮಿ.ಮೀ. ಹೊರಮೈಗೆ ಬಿಳಿ ಬಣ್ಣ ಹೊಡೆಸಿದೆವು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ.

ಹೊಳೆಯುವ ಅಲ್ಯೂಮಿನಿಯಂ ಹಾಳೆ ಅಂಟಿಸಿದರೆ ಸಾಲದೇ ಎಂದು ಕೆಲವರು ಕೇಳಿದರು. ಅದರ ಮುಂದೆ ಬೆರಳು ದಪ್ಪದ ಗಾಳಿಯ ಜಾಗ ಬಿಟ್ಟರೆ ಮಾತ್ರ ಅದು ಕೆಲಸ ಮಾಡುತ್ತದೆ. ಎರಡು ಹಲಗೆಗಳ ನಡುವೆ ಒತ್ತಿಟ್ಟರೆ ಅದೂ ಶಾಖ ದಾಟಿಸುವ ಲೋಹವೇ.

ಚಳ್ಳಕೆರೆಯ ಉಣ್ಣೆ

ಪಕ್ಕದ ಗೋಡೆಗಳಿಗೆ ನಾನು ಆರಿಸಿದ್ದು ಕುರಿ ಉಣ್ಣೆ. ನಮ್ಮ ಜಿಲ್ಲೆಯ ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಇಲ್ಲಿನ ಡೆಕ್ಕನಿ ಕುರಿಗಳ ಒರಟು ಉಣ್ಣೆ ಮೆತ್ತನೆಯ ಶಾಲಿಗೆ ಆಗುವುದಿಲ್ಲ, ಆದರೆ ಗಾಳಿ ಹಿಡಿದಿಡಲು ಗಟ್ಟಿಗ. ಉಣ್ಣೆಗೆ ಇನ್ನೊಂದು ಗುಣವಿದೆ: ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಗಾಳಿಯಾಡಿದಾಗ ಅದನ್ನು ಮತ್ತೆ ಬಿಟ್ಟುಕೊಡುತ್ತದೆ. ರಾತ್ರಿಯಿಡೀ ಮಲಗಿದವರ ಉಸಿರು, ಬೆವರಿನಿಂದ ಒಂದು ಲೋಟದಷ್ಟು ನೀರು ಗಾಳಿಗೆ ಸೇರುತ್ತದೆ. ಚಳಿಯಲ್ಲಿ ಅದು ತಣ್ಣನೆಯ ತಗಡಿಗೆ ತಾಗಿ ಹನಿಗಟ್ಟುತ್ತದೆ. ಹಾಗಾಗಿ ಈ ಗುಣ ದೊಡ್ಡದು.

ಉಣ್ಣೆಯನ್ನು ಬಿಸಿನೀರು, ಸೋಪಿನಲ್ಲಿ ಎರಡು ಸಲ ತೊಳೆದು, ಹುಳ ಹಿಡಿಯದಂತೆ ಬಿಳಿಗಾರದ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿದೆ. ಬಿಳಿಗಾರವನ್ನು ಅಂಗಡಿಯಲ್ಲಿ ಬೋರಾಕ್ಸ್ ಎನ್ನುತ್ತಾರೆ. ಅದನ್ನು ಮುಟ್ಟುವಾಗ ಕೈಗವಸು ಬೇಕು, ಮಕ್ಕಳು ದೂರ ಇರಬೇಕು. ಬರಿ ಉಣ್ಣೆ ತುಂಬಿದರೆ ವ್ಯಾನಿನ ಕುಲುಕಿಗೆ ಕೆಳಗೆ ಜಾರಿ ಮುದ್ದೆಯಾಗುತ್ತದೆ. ಅದಕ್ಕೆ ಹಳೆಯ ಹತ್ತಿ ಸೀರೆಗಳ ಎರಡು ಪದರದ ನಡುವೆ ಉಣ್ಣೆ ಹರಡಿ, ಕೌದಿಯಂತೆ ಹೊಲಿದೆ. ಗೋಡೆಯ ಒಂದೊಂದು ಮನೆಗೂ ಒಂದೊಂದು ಕೌದಿ. ವೈರುಗಳನ್ನೆಲ್ಲ ಮೊದಲೇ ಕೊಳವೆಯೊಳಗೆ ಸೇರಿಸಿದ್ದೆವು.

ನೆಲಕ್ಕೆ ಕಾಗದದ ಅಳತೆ

ಬ್ಲೌಸ್ ಕಲಿಯಲು ಬರುವ ಹುಡುಗಿಯರಿಗೆ ನಾನು ಹೇಳುವ ಮಾತು: ಮೊದಲು ಕಾಗದ ಕತ್ತರಿಸು, ಆಮೇಲೆ ಬಟ್ಟೆ. ವ್ಯಾನಿನ ನೆಲಕ್ಕೂ ಹಾಗೇ ಮಾಡಿದೆವು. ಚಕ್ರಗಳ ಮೇಲಿನ ಉಬ್ಬು ಥೇಟ್ ತೋಳಿನ ಸುತ್ತಿನ ಹಾಗೆ. ಹಳೆಯ ದಿನಪತ್ರಿಕೆ ಅಂಟಿಸಿ, ಮಡಿಸಿ, ಕತ್ತರಿಸಿ, ಮಕ್ಕಳಿಬ್ಬರೂ ಇಡೀ ನೆಲದ ನಮೂನೆ ತೆಗೆದರು. ಬಡಗಿ ಆಚಾರ್ರು ಅದನ್ನು ಹಲಗೆಯ ಮೇಲೆ ಹಾಸಿ ಗೆರೆ ಎಳೆದರು. ಹಲಗೆ ಒಂದೇ ಏಟಿಗೆ ಕೂತಿತು.

ನೆಲದ ಏರಿಳಿತದ ಮೇಲೆ 6 ಮಿ.ಮೀ. ರಬ್ಬರ್ ಹಾಳೆ, ಅದರ ಮೇಲೆ ನೀರಿಗೆ ತಡೆಯುವ 12 ಮಿ.ಮೀ. ಮರೈನ್ ಪ್ಲೈವುಡ್, ಕೊನೆಗೆ 2 ಮಿ.ಮೀ. ಜಾರದ ವಿನೈಲ್ ಹಾಳೆ. ಒಟ್ಟು 20. ಚಾವಣಿಯ 10 ಸೇರಿ 30. ತಾತನ ತಲೆಯ ಮೇಲೆ ಇನ್ನೂ 40 ಮಿ.ಮೀ. ಉಳಿಯಿತು!

ಮೂರು ಎಚ್ಚರ ಮುಖ್ಯ. ಪ್ಲೈವುಡ್ಡು ನೀರು ಕುಡಿಯುವುದು ಅಂಚಿನಿಂದ, ಆದ್ದರಿಂದ ಕತ್ತರಿಸಿದ ಅಂಚಿಗೆಲ್ಲ ವಾರ್ನಿಷ್ ಹಚ್ಚಬೇಕು. ನೆಲದ ಕೆಳಗೆ ಡೀಸೆಲ್ ಟ್ಯಾಂಕು, ಬ್ರೇಕಿನ ಪೈಪು ಇರುತ್ತವೆ, ಕಂಡಲ್ಲಿ ಸ್ಕ್ರೂ ಹೊಡೆಯಬಾರದು. ನಾವು ಹಳೆಯ ಸೀಟಿನ ಬೋಲ್ಟಿನ ತೂತುಗಳನ್ನೇ ಬಳಸಿದೆವು. ಸೈಲೆನ್ಸರ್ ಹಾದುಹೋಗುವ ಕಡೆ ನೆಲ ಬಹಳ ಕಾಯುತ್ತದೆ, ಅಲ್ಲಿಗೆ ಯಾವ ಹಾಳೆ ಹಾಕಬಹುದೆಂದು ಮೆಕ್ಯಾನಿಕ್ ಅವರನ್ನು ಕೇಳಿಯೇ ಮುಂದುವರಿಯಬೇಕು.

ಗವಾಕ್ಷಿ ಮರೆಯಬೇಡಿ

ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ಅಜ್ಜ-ಅಜ್ಜಿಯರು ಬಲ್ಲರು. ಮೇಲೆ ದಪ್ಪ ಮಣ್ಣು, ನಡುವೆ ಗವಾಕ್ಷಿ. ಮಣ್ಣು ಬಿಸಿಲನ್ನು ತಡೆದರೆ, ಮೇಲೆದ್ದ ಬಿಸಿಗಾಳಿ ಗವಾಕ್ಷಿಯಿಂದ ಹೊರಟುಹೋಗುತ್ತಿತ್ತು. ವ್ಯಾನಿಗೂ ಎರಡೂ ಬೇಕು. ಉಣ್ಣೆ, ಫೋಮು ಶಾಖವನ್ನು ನಿಧಾನ ಮಾಡುತ್ತವೆ, ನಿಲ್ಲಿಸುವುದಿಲ್ಲ. ಚಾವಣಿಯಲ್ಲೊಂದು ಮುಚ್ಚಳದ ಕಿಂಡಿ, ಎದುರುಬದುರು ಕಿಟಕಿಗಳಿಗೆ ಸೊಳ್ಳೆ ಪರದೆ, ಗಾಜುಗಳಿಗೆ ಹೊರಮುಖ ಹೊಳೆಯುವ ಪರದೆ ಮಾಡಿಸಿದೆವು. ಎಷ್ಟೇ ಚೆನ್ನಾಗಿ ಮಾಡಿದರೂ ಮುಚ್ಚಿದ ವಾಹನದಲ್ಲಿ ಮಗುವನ್ನಾಗಲಿ ವಯಸ್ಸಾದವರನ್ನಾಗಲಿ ಬಿಟ್ಟು ಹೋಗಬೇಡಿ. ಕಿಟಕಿ ಮುಚ್ಚಿಕೊಂಡು ಒಳಗೆ ಸ್ಟೌ ಹಚ್ಚಲೇಬೇಡಿ. ಅದರಿಂದ ಬರುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ನೀವೇ ಮಾಡಿ ನೋಡಿ

ಒಂದೇ ಅಳತೆಯ ಮೂರು ಸ್ಟೀಲ್ ಲೋಟ ತೆಗೆದುಕೊಳ್ಳಿ. ಒಂದಕ್ಕೆ ಏನೂ ಸುತ್ತಬೇಡಿ. ಇನ್ನೊಂದಕ್ಕೆ ಹತ್ತಿ ಬಟ್ಟೆ, ಮತ್ತೊಂದಕ್ಕೆ ಉಣ್ಣೆಯ ಶಾಲು ಅಥವಾ ಕಂಬಳಿ ಚೂರು ಸಡಿಲವಾಗಿ ಸುತ್ತಿ. ಮೂರಕ್ಕೂ ಎರಡೆರಡು ಐಸ್ ತುಂಡು ಹಾಕಿ ಮುಚ್ಚಿಡಿ. ಯಾವುದು ಮೊದಲು ಕರಗಿತು, ಎಷ್ಟು ನಿಮಿಷಕ್ಕೆ ಎಂದು ಬರೆದುಕೊಳ್ಳಿ. ಮೈ ಬೆಚ್ಚಗಿಡುವ ಕಂಬಳಿ ಐಸನ್ನು ತಣ್ಣಗಿಡುವುದು ಹೇಗೆ ಎಂದು ಮನೆಯ ಹಿರಿಯರನ್ನು ಕೇಳಿ. ಹಿಂದೆ ಐಸ್ ಮಾರುವವರು ಮರದ ಹೊಟ್ಟು, ಗೋಣಿಚೀಲ ಮುಚ್ಚಿಕೊಂಡು ಬರುತ್ತಿದ್ದ ನೆನಪು ಅವರಿಗಿರುತ್ತದೆ.

ಹೊರಟೇಬಿಟ್ಟೆವು

ಮಳೆ ಹಿಡಿಯುವ ಮುಂಚೆ, ಮೇ ಕೊನೆಯಲ್ಲಿ ಹೊರಟೆವು. ಹೊಳಲ್ಕೆರೆಯಲ್ಲೊಮ್ಮೆ ನಿಲ್ಲಿಸಿದೆವು. ಚನ್ನಗಿರಿ ಮುಟ್ಟುವಾಗ ನಡುಮಧ್ಯಾಹ್ನ. ಹುಣಸೆ ಮರದ ನೆರಳು ಸಿಕ್ಕಿದ್ದು ಅರ್ಧ ವ್ಯಾನಿಗೆ ಮಾತ್ರ. ಕಿಂಡಿ ತೆಗೆದು, ಪರದೆ ಎಳೆದು, ಯಜಮಾನರು ಮಂಚದ ಮೇಲೆ ಬೆನ್ನು ಚಾಚಿದರು. ನಾವು ನಾಲ್ವರೂ ಉಸಿರು ಬಿಗಿಹಿಡಿದು ಅವರ ಮುಖವನ್ನೇ ನೋಡುತ್ತಿದ್ದೆವು. ಸೆಕೆ ಇತ್ತು, ಆದರೆ ಮನೆಯೊಳಗಿನಷ್ಟೇ. ಹತ್ತು ನಿಮಿಷದಲ್ಲಿ ಗೊರಕೆ ಶುರುವಾಯಿತು. “ತಾತ ಪಾಸು!” ಎಂದು ಮೊಮ್ಮಗ ಪಿಸುಗುಟ್ಟಿದ. ಶಿವಮೊಗ್ಗ, ಆನಂದಪುರ ದಾಟಿ ದೀಪ ಹಚ್ಚುವ ಹೊತ್ತಿಗೆ ಊರು ಸೇರಿದೆವು.

ಅಕ್ಕ-ತಮ್ಮ ಇಬ್ಬರೂ ಆ ರಾತ್ರಿ ಬಹಳ ಹೊತ್ತು ಮಾತಾಡಿದರು. ಬೆಳಿಗ್ಗೆ ಅತ್ತಿಗೆ ಕೋಲೂರಿಕೊಂಡು ವ್ಯಾನು ಹತ್ತಿದರು. ಗೋಡೆ ತಟ್ಟಿ, “ಇದರೊಳಗೆ ಎಂಥ ತುಂಬಿದ್ದೀಯೇ?” ಎಂದರು. ಕುರಿ ಉಣ್ಣೆ ಎಂದೆ.

“ಹಂಗಾದ್ರೆ ವ್ಯಾನಿಗೂ ಕಂಬಳಿ ಕೊಪ್ಪೆ ಹಾಕಿದ್ದೀಯ ಅನ್ನು” ಎಂದು ನಕ್ಕು, ಮಂಚದ ಮೇಲೆ ಕೂತು ತಮ್ಮನ ಕಡೆ ತಿರುಗಿದರು. “ಜೋಗ ನೋಡಿ ಎಷ್ಟೋ ವರ್ಷ ಆಯ್ತು ಮಾರಾಯ. ಇವತ್ತೇ ಹೋಗಿಬರೋಣವಾ?”