ಕೊಕ್ಕಿನ ತುದಿಯ ಸ್ಪರ್ಶಜ್ಞಾನ

ಚಳಿಗಾಲದಲ್ಲಿ ಕುಮಟಾ ಕಡೆ ಹೋದವರು ಅಘನಾಶಿನಿಯ ಅಳಿವೆಯಲ್ಲಿ ಒಂದಷ್ಟು ಹೊತ್ತು ನಿಲ್ಲಲೇಬೇಕು. ಎಲ್ಲಿಯೂ ಅಣೆಕಟ್ಟಿಗೆ ಸಿಕ್ಕದೆ ಘಟ್ಟ ಇಳಿದು ಬಂದ ನದಿ, ತದಡಿಯ ಬಳಿ ಸಮುದ್ರ ಸೇರುವ ಮುನ್ನ ವಿಶಾಲವಾದ ಕೆಸರು ಬಯಲನ್ನು ಹಾಸಿದೆ. ನೀರಿಳಿದಾಗ ಊರಿನ ಗಂಡಸರು, ಹೆಂಗಸರು ಇಲ್ಲಿ ಕೆಸರಿಗೆ ಕೈ ಹಾಕಿ ಬಳಚು ಆಯುತ್ತಾರೆ. ಸ್ವಲ್ಪ ದೂರದಲ್ಲಿ ದೂರದೇಶದ ಹಕ್ಕಿಗಳೂ ಅದೇ ಕೆಸರಿನಲ್ಲಿ ತಮ್ಮ ಪಾಲು ಹುಡುಕುತ್ತಿರುತ್ತವೆ.

ಹಕ್ಕಿ ನೋಡಲು ಬೆಳಗಿನ ಜಾವವೇ ಸರಿಯೆಂಬ ಮಾತು ಇಲ್ಲಿ ನಡೆಯುವುದಿಲ್ಲ. ಭರತ ಇಳಿತಗಳ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಹಕ್ಕಿಗಳ ಊಟದ ಹೊತ್ತೂ ಅದರೊಂದಿಗೇ ಸರಿಯುತ್ತದೆ. ಇಳಿತ ನಡುರಾತ್ರಿ ಬಂದರೆ ಅವು ನಡುರಾತ್ರಿಯೇ ಮೇಯುತ್ತವೆ. ಕತ್ತಲಲ್ಲಿ, ಕೆಸರಿನೊಳಗೆ ಅಡಗಿದ ಹುಳು ಅವಕ್ಕೆ ಗೊತ್ತಾಗುವುದಾದರೂ ಹೇಗೆ?

ಪ್ಲವರ್‌ಗಳದು ಕಣ್ಣಿನ ಬೇಟೆ. ಟಿಬೆಟ್, ಲಡಾಖ್‌ಗಳ ಎತ್ತರದಿಂದ ಇಳಿದು ಬರುವ ಮರಳು ಪ್ಲವರ್‌ಗೆ ಗಿಡ್ಡ ಕೊಕ್ಕು, ದೊಡ್ಡ ಕಣ್ಣು. ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಕೆಸರಿನ ಮೇಲೆ ಏನಾದರೂ ಮಿಸುಕಿದರೆ ಕುಕ್ಕುತ್ತದೆ.

ಗೊರವ, ಕರ್ಲ್ಯೂಗಳ ದಾರಿ ಬೇರೆ. ಕರ್ಲ್ಯೂ ಕೊಕ್ಕು ಕೆಳಕ್ಕೆ ಬಾಗಿ, ಹೆಣ್ಣಿನಲ್ಲಿ 15 ಸೆಂಟಿಮೀಟರ್‌ ಕೂಡ ಮೀರುತ್ತದೆ. ಇಷ್ಟುದ್ದದ ಕೊಕ್ಕನ್ನು ಬರೀ ಇಕ್ಕಳವೆಂದು ತಿಳಿದರೆ ಅದರ ಅರ್ಧ ಗುಣವೂ ತಿಳಿದಂತಾಗಲಿಲ್ಲ. ಈ ಬಳಗದ ಹಕ್ಕಿಗಳ ಕೊಕ್ಕಿನ ತುದಿಯ ಮೂಳೆಯಲ್ಲಿ ಸಣ್ಣ ಸಣ್ಣ ಗುಳಿಗಳಿವೆ. ಅವುಗಳೊಳಗೆ ಒತ್ತಡ, ಕಂಪನಗಳನ್ನು ಗುರುತಿಸುವ ಹರ್ಬ್‌ಸ್ಟ್ ಕಣಗಳೆಂಬ ನರತುದಿಗಳು ತುಂಬಿವೆ. ಬಳಚು ಆಯುವವರ ಬೆರಳು ಮಾಡುವ ಕೆಲಸವನ್ನೇ ಈ ತುದಿ ಮಾಡುತ್ತದೆ. ಹುಳು ಸಿಕ್ಕಿತೋ, ಪೂರ್ತಿ ಬಾಯಿ ತೆರೆಯಬೇಕಾಗಿಲ್ಲ. ಮೇಲ್ಗೊಕ್ಕಿನ ತುದಿಯನ್ನಷ್ಟೇ ಎತ್ತಿ ಹಿಡಿಯುವ ವ್ಯವಸ್ಥೆಯೂ ಇದೆ.

ನನಗೆ ಅತ್ಯಂತ ವಿಸ್ಮಯವೆನಿಸುವುದು ನಾಟ್ ಎಂಬ ಹಕ್ಕಿಯ ಕೌಶಲ. ನೆದರ್ಲೆಂಡ್ಸಿನ ಥ್ಯೂನಿಸ್ ಪಿಯರ್ಸ್ಮಾ ಮತ್ತು ಸಂಗಡಿಗರು 1998ರಲ್ಲಿ ಅದರ ಗುಟ್ಟನ್ನು ವಿವರಿಸಿದರು. ನಾಟ್ ತಿನ್ನುವುದು ಮಿಸುಕದ ಚಿಪ್ಪುಜೀವಿಗಳನ್ನು. ಅದು ಹಸಿ ಮರಳಿಗೆ ಕೊಕ್ಕು ಚುಚ್ಚಿದಾಗ ಮರಳ ಕಣಗಳ ನಡುವಿನ ನೀರು ಪಕ್ಕಕ್ಕೆ ತಳ್ಳಲ್ಪಡುತ್ತದೆ. ಹತ್ತಿರದಲ್ಲಿ ಗಟ್ಟಿ ಚಿಪ್ಪಿದ್ದರೆ ಆ ನೀರಿನ ಹರಿವಿಗೆ ಅಡ್ಡಿಯಾಗಿ ಒತ್ತಡ ಬದಲಾಗುತ್ತದೆ. ಕೊಕ್ಕು ಚಿಪ್ಪಿಗೆ ತಗುಲದೆಯೇ ಹಕ್ಕಿಗೆ ಸುಳಿವು ಸಿಗುತ್ತದೆ. ಪರೀಕ್ಷೆಯಲ್ಲಿ ಹೂತಿಟ್ಟ ಕಲ್ಲುಗಳನ್ನೂ ನಾಟ್‌ಗಳು ಪತ್ತೆಹಚ್ಚಿದವು. ಹಾಗಾಗಿ ಇದು ವಾಸನೆಯೂ ಅಲ್ಲ, ಸದ್ದೂ ಅಲ್ಲ. ಒಣ ಮರಳಿನಲ್ಲಿ ಮಾತ್ರ ಅವು ಸೋತವು.

ಕೊಕ್ಕಿನ ಉದ್ದ ಬೇರೆಬೇರೆ ಆದ್ದರಿಂದ ಒಂದೇ ಕೆಸರಿನಲ್ಲಿ ಹಲವು ಜಾತಿಗಳಿಗೆ ಜಾಗವಿದೆ. ಮೇಲ್ಪದರ ಒಬ್ಬರಿಗೆ, ಆಳ ಇನ್ನೊಬ್ಬರಿಗೆ. ಆದರೆ ಎಲ್ಲರಿಗೂ ಬೇಕಾದದ್ದು ಮೆತ್ತನೆಯ, ನೀರು ತುಂಬಿದ, ಮಣ್ಣು ಸುರಿದು ಮುಚ್ಚದ ಕೆಸರು. ಅದನ್ನು ಪಾಳುಭೂಮಿಯೆಂದು ಕರೆಯುವುದು ಶುದ್ಧ ತಪ್ಪು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದ್ದು ಸಮಾಧಾನದ ಸಂಗತಿ.

ಅಲ್ಲಿಗೆ ಹೋಗುವಿರಾದರೆ ಭರತದ ಪಟ್ಟಿ ನೋಡಿಕೊಂಡು, ನೀರು ಏರುತ್ತಿರುವ ಹೊತ್ತಿಗೆ ದಡದಲ್ಲಿರಿ. ನೀರೇ ಹಕ್ಕಿಗಳನ್ನು ನಿಮ್ಮ ಹತ್ತಿರಕ್ಕೆ ತರುತ್ತದೆ. ಫೋಟೋಕ್ಕಾಗಿ ಹಿಂಡಿನತ್ತ ನಡೆದು ಎಬ್ಬಿಸಬೇಡಿ. ವಾಪಸು ಹಾರಲು ಅವು ಕೂಡಿಸಿಟ್ಟ ಕೊಬ್ಬು ಅಲ್ಲಿಯೇ ಖರ್ಚಾಗುತ್ತದೆ.