ಜಲಸಂಧಿಯಲ್ಲಿ ಯುದ್ಧನೌಕೆ

ವಸ್ತಾರೆಯ ತೋಟದಲ್ಲಿ ಕುಯ್ದು ಕಣದಲ್ಲಿ ಒಣಗಿಸಿದ ಕಾಫಿ, ಮಂಗಳೂರು ಬಂದರಿನಿಂದ ಇಟಲಿಗೆ ಹೊರಟರೆ, ಅದರ ಹತ್ತಿರದ ದಾರಿ ಬಾಬ್-ಎಲ್-ಮಂದೆಬ್ ಜಲಸಂಧಿಯ ಮೂಲಕ ಕೆಂಪು ಸಮುದ್ರವನ್ನು ಸೇರುತ್ತದೆ. ಬಾಬಾಬುಡನ್ ಅವರು ಏಳು ಬೀಜಗಳನ್ನು ತಂದರೆಂದು ಐತಿಹ್ಯ ಹೇಳುವ ಯೆಮನ್ ದೇಶದ ಮೋಕಾ ಬಂದರು ಈ ಜಲಸಂಧಿಗೆ ಸಮೀಪದಲ್ಲಿಯೇ ಇದೆ. ಅರಬ್ಬೀ ಭಾಷೆಯಲ್ಲಿ ಇದರ ಹೆಸರಿಗೆ ಕಣ್ಣೀರಿನ ಬಾಗಿಲು ಎಂದರ್ಥ.

ಈ ಬಾಗಿಲಿನ ಅಗಲ ಸುಮಾರು 30 ಕಿಲೋಮೀಟರ್. ಹಿಂದೆ ಅನೇಕ ರಾಷ್ಟ್ರಗಳ ಅಧಿಕಾರ ದಡದಿಂದ ಮೂರು ಮೈಲಿಗೆ ಮುಗಿಯುತ್ತಿತ್ತು. ನಡುವಣ ನೀರು ಎಲ್ಲರದಾಗಿತ್ತು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದವು ಆ ಎಲ್ಲೆಯನ್ನು 12 ನಾವಿಕ ಮೈಲಿಗೆ, ಅಂದರೆ ಸುಮಾರು 22 ಕಿಲೋಮೀಟರಿಗೆ, ವಿಸ್ತರಿಸಲು ಅವಕಾಶ ಕೊಟ್ಟಿತು. ಎರಡೂ ದಡಗಳಿಂದ ಅಳೆದರೆ ಇಲ್ಲಿ ನಡುವೆ ಏನೂ ಉಳಿಯದು. ಹಾಗಾದರೆ ದಡದ ರಾಷ್ಟ್ರವು ಬಾಗಿಲಿಗೆ ಅಗಣಿ ಹಾಕಬಹುದೇ?

ಹಾಕುವಂತಿಲ್ಲ. ರಾಷ್ಟ್ರವೊಂದರ ಸಾಮಾನ್ಯ ಕರಾವಳಿ ನೀರಿನಲ್ಲಿ ಪರದೇಶದ ಜಲಾಂತರ್ಗಾಮಿಯು ಮೇಲೆದ್ದು ಧ್ವಜ ತೋರಿಸಿ ಸಾಗಬೇಕು. ನಮ್ಮ 1976ರ ಕಾನೂನಾದರೋ ವಿದೇಶೀ ಯುದ್ಧನೌಕೆಗಳಿಂದ ಮುನ್ಸೂಚನೆಯನ್ನೂ ಕೇಳುತ್ತದೆ. ಅಂತರರಾಷ್ಟ್ರೀಯ ಜಲಸಂಧಿಯಲ್ಲಿ ಹಾಗಲ್ಲ. ಅಲ್ಲಿ ಯುದ್ಧನೌಕೆಯು ಅನುಮತಿ ಬೇಡದೆ ಸಾಗಬಹುದು. ಜಲಾಂತರ್ಗಾಮಿಯು ಮುಳುಗಿಯೇ ಹೋಗಬಹುದೆಂದು ಒಪ್ಪಂದವನ್ನು ಸಾಮಾನ್ಯವಾಗಿ ಅರ್ಥೈಸುತ್ತಾರೆ. ಆದರೆ ತಡಮಾಡಬಾರದು, ದಡದವರನ್ನು ಬೆದರಿಸಬಾರದು, ಅಪ್ಪಣೆಯಿಲ್ಲದೆ ಅಳತೆ ಸಮೀಕ್ಷೆ ನಡೆಸಬಾರದು. ತೋಟದ ನಡುವಣ ಊರದಾರಿಯಂತೆಯೇ ಇದು: ನಡೆಯುವವನನ್ನು ಒಡೆಯ ತಡೆಯಲಾರ, ನಡೆಯುವವನು ನಿಂತು ಹಣ್ಣು ಕೀಳಲಾರ.

ಈ ನಿಯಮದ ಹಿಂದೆ ರಕ್ತವಿದೆ. 1946ರಲ್ಲಿ ಅಲ್ಬೇನಿಯದ ಬಳಿಯ ಕೋರ್ಫು ಜಲಸಂಧಿಯಲ್ಲಿ ಎರಡು ಬ್ರಿಟಿಷ್ ಯುದ್ಧನೌಕೆಗಳು ಸಿಡಿಗುಂಡುಗಳಿಗೆ ತಗುಲಿ 44 ನಾವಿಕರು ಮಡಿದರು. 1949ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು, ಶಾಂತಿಕಾಲದಲ್ಲಿ ಇಂತಹ ಜಲಸಂಧಿಯನ್ನು ಹಾಯಲು ಯುದ್ಧನೌಕೆಗಳಿಗೆ ಪೂರ್ವಾನುಮತಿ ಬೇಡವೆಂದು ತೀರ್ಪಿತ್ತು, ಅಲ್ಬೇನಿಯವನ್ನು ಹೊಣೆಮಾಡಿತು. ಆದರೆ ಅನಂತರ ಬ್ರಿಟನ್ ತಾನೇ ಅಲ್ಬೇನಿಯದ ನೀರಿಗೆ ನುಗ್ಗಿ ಸಿಡಿಗುಂಡುಗಳನ್ನು ತೆಗೆದದ್ದು ಆ ದೇಶದ ಸಾರ್ವಭೌಮತ್ವಕ್ಕೆ ಭಂಗವೆಂದೂ ಹೇಳಿತು. ಬಲಿಷ್ಠನಿಗೂ ಎಲ್ಲೆಯನ್ನು ತೋರಿಸಿದ ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಕಡಿಮೆಯದಲ್ಲ.

ಟರ್ಕಿಯ ಜಲಸಂಧಿಗಳಿಗೆ ಮಾತ್ರ 1936ರ ಮಾಂಟ್ರೋ ಒಪ್ಪಂದವೇ ಬೇರೆ. ಅಲ್ಲಿ ಯುದ್ಧನೌಕೆಗಳು ಮುಂಚಿತವಾಗಿ ತಿಳಿಸಬೇಕು. ಕಪ್ಪುಸಮುದ್ರದ ದಡದವಲ್ಲದ ರಾಷ್ಟ್ರಗಳ ನೌಕೆಗಳು ಆ ಸಮುದ್ರದಲ್ಲಿ 21 ದಿನಗಳಿಗಿಂತ ಹೆಚ್ಚು ನಿಲ್ಲುವಂತಿಲ್ಲ.

ಒಪ್ಪಂದಗಳು ರಾಷ್ಟ್ರಗಳನ್ನು ಕಟ್ಟಿಹಾಕುತ್ತವೆ; ಬಂಡುಕೋರರು ಅವಕ್ಕೆ ಸಹಿ ಹಾಕಿದವರಲ್ಲ. 2023ರ ನವೆಂಬರಿನಿಂದ ಯೆಮನ್‌ನ ಹೌತಿ ಪಡೆಗಳು ವ್ಯಾಪಾರಿ ಹಡಗುಗಳ ಮೇಲೆ ದಾಳಿ ಮಾಡತೊಡಗಲು, ಅನೇಕ ಹಡಗುಗಳು ಆಫ್ರಿಕಾ ಖಂಡವನ್ನೇ ಬಳಸಿ ಹೋದವು. ಯೂರೋಪಿಗೆ ಹೊರಟ ಕಾಫಿಚೀಲಗಳ ಸಾಗಾಣಿಕೆ ವೆಚ್ಚವೂ ಏರಿತು. 2024ರ ಜನವರಿಯಲ್ಲಿ ಏಡನ್ ಕೊಲ್ಲಿಯಲ್ಲಿ ಕ್ಷಿಪಣಿ ತಗುಲಿ ಹೊತ್ತಿಕೊಂಡ ಮಾರ್ಲಿನ್ ಲುವಾಂಡಾ ಎಂಬ ತೈಲದ ಹಡಗಿನ ಬೆಂಕಿಯನ್ನು ನಂದಿಸಲು ನೆರವಾದದ್ದು ನಮ್ಮ ಯುದ್ಧನೌಕೆ ವಿಶಾಖಪಟ್ಟಣಂ.