ಎದೆಯ ಎಕ್ಸ್‌ರೇಯಲ್ಲಿ ಕ್ಷಯದ ಗುರುತು

ಎದೆಯ ಎಕ್ಸ್‌ರೇ ತೆಗೆಯುವ ಕೋಣೆಯಲ್ಲಿ ಎಲ್ಲ ಊರಿನಲ್ಲೂ ಕೇಳಿಬರುವ ಮಾತು ಒಂದೇ: ಎದೆಯನ್ನು ಹಲಗೆಗೆ ಒತ್ತಿ ನಿಲ್ಲಿ, ಭುಜ ಮುಂದಕ್ಕೆ ತನ್ನಿ, ಉಸಿರು ಎಳೆದು ಹಿಡಿದುಕೊಳ್ಳಿ. ಒಂದೊಂದಕ್ಕೂ ಕಾರಣವಿದೆ. ಎದೆ ಹಲಗೆಗೆ ಹತ್ತಿದ್ದರೆ ಹೃದಯದ ನೆರಳು ಇರುವುದಕ್ಕಿಂತ ದೊಡ್ಡದಾಗಿ ಬೀಳುವುದಿಲ್ಲ. ಭುಜ ಮುಂದಕ್ಕೆ ಬಂದರೆ ಬೆನ್ನಿನ ಹೆಗಲ ಮೂಳೆಗಳು ಶ್ವಾಸಕೋಶದ ಮೇಲಿನಿಂದ ಆಚೆ ಸರಿಯುತ್ತವೆ. ಉಸಿರು ತುಂಬಿಕೊಂಡರೆ ಶ್ವಾಸಕೋಶ ಹಿಗ್ಗಿ ಮೂಲೆಮೂಲೆಯೂ ಕಾಣುತ್ತದೆ. ಇಷ್ಟೆಲ್ಲ ಮಾಡಿದರೂ ಶ್ವಾಸಕೋಶದ ನೆತ್ತಿ ಮಾತ್ರ ತೊಡಕಿನ ಜಾಗವೇ. ಅಲ್ಲಿ ಕಾಲರ್ ಮೂಳೆಯೂ ಮೊದಲ ಪಕ್ಕೆಲುಬೂ ಒಂದರ ಮೇಲೊಂದು ಅಡ್ಡ ಬರುತ್ತವೆ. ದೊಡ್ಡವರಲ್ಲಿ ಕ್ಷಯ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಅಲ್ಲಿಯೇ. ಆದ್ದರಿಂದ ಅನುಭವಿ ವೈದ್ಯರು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದ ಮೇಲೆ ಕಾಲರ್ ಮೂಳೆಯ ಹಿಂದಿನ ಆ ಪುಟ್ಟ ಜಾಗವನ್ನು ಎಡಕ್ಕೂ ಬಲಕ್ಕೂ ಹೋಲಿಸಿ ಎರಡು ಸಲ ನೋಡುತ್ತಾರೆ.

ಗಾಳಿ ತುಂಬಿದ ಜಾಗವನ್ನು ಎಕ್ಸ್ ಕಿರಣ ಸಲೀಸಾಗಿ ದಾಟುತ್ತದೆ, ಅದು ಫಿಲ್ಮಿನ ಮೇಲೆ ಕಪ್ಪಾಗಿ ಕಾಣುತ್ತದೆ. ಮೂಳೆ, ಸುಣ್ಣದಂಶ, ನೀರು, ಕೀವು ಇವೆಲ್ಲ ಕಿರಣವನ್ನು ತಡೆಯುವುದರಿಂದ ಬೆಳ್ಳಗೆ ಬೀಳುತ್ತವೆ. ಆರೋಗ್ಯವಂತರ ಶ್ವಾಸಕೋಶ ಹಾಗಾಗಿ ಕಪ್ಪು. ಆ ಕಪ್ಪಿನಲ್ಲಿ ಬಿಳಿಯ ಮಬ್ಬು ಎಲ್ಲಿ ಬಂದಿದೆ, ಯಾವ ಆಕಾರದಲ್ಲಿದೆ ಎಂಬುದೇ ಎಕ್ಸ್‌ರೇ ಓದುವವರ ಕೆಲಸ. ರೋಗಾಣು ಅಲ್ಲಿ ಕಾಣುವುದಿಲ್ಲ. ಕಾಣುವುದು ರೋಗಾಣು ಹೊಕ್ಕ ಮೇಲೆ ದೇಹದಲ್ಲಿ ಆದ ಬದಲಾವಣೆ. ಈ ಒಂದು ಮಾತನ್ನು ಓದುಗರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

ಮೊದಲ ಸಲ ಸೋಂಕು ತಗುಲಿದಾಗ, ಅದೂ ಮಕ್ಕಳಲ್ಲಿ, ಶ್ವಾಸಕೋಶದಲ್ಲಿ ಒಂದು ಸಣ್ಣ ಮಚ್ಚೆ ಏಳುತ್ತದೆ. ಅಲ್ಲಿಂದ ರೋಗಾಣು ಶ್ವಾಸಕೋಶದ ಬುಡದ ದುಗ್ಧಗ್ರಂಥಿಗಳಿಗೆ ಸಾಗಿ ಅವು ಊದಿಕೊಳ್ಳುತ್ತವೆ. ಪ್ರಾಗ್‌ನಲ್ಲಿದ್ದ ರೋಗವಿಜ್ಞಾನಿ ಆಂಟನ್ ಘಾನ್ 1912ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮಕ್ಕಳ ಮರಣೋತ್ತರ ಪರೀಕ್ಷೆಗಳ ಆಧಾರದ ಮೇಲೆ ಈ ಮಚ್ಚೆಯನ್ನು ವಿವರಿಸಿದ್ದರು. ಇಂದಿಗೂ ಅದಕ್ಕೆ ಅವರದೇ ಹೆಸರು. ಮಕ್ಕಳ ಫಿಲ್ಮಿನಲ್ಲಿ ಮಚ್ಚೆಗಿಂತ ಊದಿದ ಗ್ರಂಥಿಯೇ ಎದ್ದು ಕಾಣುತ್ತದೆ. ಬಹಳ ಜನರಲ್ಲಿ ದೇಹವೇ ಸೋಂಕನ್ನು ಅದುಮಿಡುತ್ತದೆ, ಮಚ್ಚೆಯಲ್ಲಿ ಸುಣ್ಣದಂಶ ಕಟ್ಟಿಕೊಂಡು ಗಟ್ಟಿಯಾಗುತ್ತದೆ. ಎಷ್ಟೋ ವರ್ಷದ ಮೇಲೆ ಬೇರಾವುದಕ್ಕೋ ಎಕ್ಸ್‌ರೇ ತೆಗೆಸಿದಾಗ ಅದು ಅಚ್ಚಬಿಳಿಯ ಚುಕ್ಕೆಯಾಗಿ ಕಂಡು ಮನೆಯವರನ್ನು ಗಾಬರಿಪಡಿಸುತ್ತದೆ.

ದೊಡ್ಡವರಲ್ಲಿ ಕತೆ ಬೇರೆ. ಅಡಗಿದ್ದ ರೋಗಾಣು ಮೈ ಸೊರಗಿದಾಗ ಎಚ್ಚರಗೊಂಡು ಶ್ವಾಸಕೋಶದ ಮೇಲ್ಭಾಗದಲ್ಲಿ ಬೆಳೆಯುತ್ತದೆ. ಅಲ್ಲಿ ಆಮ್ಲಜನಕ ಹೆಚ್ಚು, ದುಗ್ಧರಸದ ಹರಿವು ಕಡಿಮೆ ಎಂಬುದು ವಿಜ್ಞಾನಿಗಳು ಕೊಡುವ ವಿವರಣೆ. ಮೊದಲು ಮಬ್ಬುಮಬ್ಬಾದ ಬಿಳಿ ಕಲೆಗಳು ಮೂಡುತ್ತವೆ. ಒಳಗಿನ ಅಂಗಾಂಶ ಸತ್ತು, ಮೆತ್ತಗಾಗಿ, ಕರಗಿ ಒಂದು ದಿನ ಶ್ವಾಸನಾಳಕ್ಕೆ ಒಡೆದುಕೊಳ್ಳುತ್ತದೆ. ರೋಗಿ ಅದನ್ನು ಕೆಮ್ಮಿ ಉಗುಳುತ್ತಾನೆ. ಖಾಲಿಯಾದ ಜಾಗಕ್ಕೆ ಗಾಳಿ ಹೋಗುತ್ತದೆ. ಫಿಲ್ಮಿನಲ್ಲಿ ಇದು ದಪ್ಪ ಬಿಳಿಯ ಅಂಚಿನ ನಡುವೆ ಕಪ್ಪು ಕುಳಿಯಾಗಿ ಕಾಣುತ್ತದೆ. ಕ್ಷಯದ ಗುರುತುಗಳಲ್ಲೆಲ್ಲ ನಾನು ಅತಿ ಮುಖ್ಯವೆಂದು ಭಾವಿಸುವುದು ಈ ಕುಳಿಯನ್ನೇ. ಅದರ ಗೋಡೆಯಲ್ಲಿ ರೋಗಾಣುಗಳು ಕೋಟಿಗಟ್ಟಲೆ ಇರುತ್ತವೆ, ಗಾಳಿಯ ದಾರಿಯೂ ತೆರೆದಿರುತ್ತದೆ. ಮನೆಮಂದಿಗೆ ಕಾಯಿಲೆ ಹೆಚ್ಚಾಗಿ ಅಂಟುವುದು ಇಂಥವರಿಂದ. ಕುಳಿಯ ಅಂಚಿನ ರಕ್ತನಾಳ ಸವೆದು ಒಡೆದರೆ ಕೆಮ್ಮಿನಲ್ಲಿ ರಕ್ತ ಬರುತ್ತದೆ. ವಾಸಿಯಾಗುತ್ತ ಬಂದಂತೆ ಸುತ್ತಲಿನ ಭಾಗ ನಾರುಗಟ್ಟಿ ಸುಕ್ಕುತ್ತದೆ, ಶ್ವಾಸನಾಳವನ್ನೇ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಫಿಲ್ಮಿನಲ್ಲಿ ನಡುವೆ ನೇರವಾಗಿರಬೇಕಾದ ಕಪ್ಪು ಪಟ್ಟಿ ಒಂದು ಕಡೆಗೆ ವಾಲಿದ್ದರೆ ಅದು ಬಹಳ ದಿನದ ಕಾಯಿಲೆ ಎಂದು ಊಹಿಸಬಹುದು.

ರೋಗಾಣು ರಕ್ತದಲ್ಲಿ ಸೇರಿ ಎಲ್ಲೆಡೆ ಹರಡಿದಾಗ ಎರಡೂ ಶ್ವಾಸಕೋಶಗಳ ತುಂಬ, ಮೇಲಿನಿಂದ ಕೆಳಗಿನವರೆಗೆ, ರಾಗಿ ಕಾಳು ಎರಚಿದಂತೆ 1ರಿಂದ 3 ಮಿಲಿಮೀಟರಿನ ಚುಕ್ಕೆಗಳು ಕಾಣುತ್ತವೆ. ಇದು ತಡಮಾಡಬಾರದ ಸ್ಥಿತಿ. ಎದೆಗೂಡಿನಲ್ಲಿ ನೀರು ತುಂಬುವುದು ಇನ್ನೊಂದು ಬಗೆ. ಪಕ್ಕೆಲುಬಿಗೂ ವಪೆಗೂ ನಡುವಿನ ಚೂಪು ಮೂಲೆ ಮೊಂಡಾಗಿ ಕಾಣಬೇಕಾದರೆ ಸುಮಾರು 200 ಮಿಲಿಲೀಟರ್ ನೀರಾದರೂ ಸೇರಿರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಅಲ್ಟ್ರಾಸೌಂಡ್‌ನಲ್ಲಿ ಸಿಗುತ್ತದೆ.  

ಇಲ್ಲಿ ಎಚ್ಚರಿಕೆಯ ಮಾತು. ನ್ಯುಮೋನಿಯಾ, ಶ್ವಾಸಕೋಶದ ಕ್ಯಾನ್ಸರ್ ಇವೂ ಕ್ಷಯದಂತೆಯೇ ತೋರಬಹುದು. ಕೋಲಾರದ ಚಿನ್ನದ ಗಣಿ ಕಾರ್ಮಿಕರನ್ನು ಕಾಡಿದ ಸಿಲಿಕೋಸಿಸ್ ಶ್ವಾಸಕೋಶದ ಮೇಲ್ಭಾಗದಲ್ಲೇ ಚುಕ್ಕೆ ಮೂಡಿಸುತ್ತದೆ, ಸಾಲದ್ದಕ್ಕೆ ಕ್ಷಯ ತಗುಲುವ ಅಪಾಯವನ್ನೂ ಹೆಚ್ಚಿಸುತ್ತದೆ. ಎಚ್‌ಐವಿ ಇದ್ದು ರೋಗನಿರೋಧಕ ಶಕ್ತಿ ಕುಸಿದವರಲ್ಲಿ ಕ್ಷಯವಿದ್ದೂ ಎಕ್ಸ್‌ರೇ ಸರಿಯಾಗಿಯೇ ಇರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಕುಳಿ ಕೆಳಭಾಗದಲ್ಲೂ ಬರುತ್ತದೆ. ಒಂದೇ ಫಿಲ್ಮನ್ನು ಇಬ್ಬರು ನುರಿತ ವೈದ್ಯರು ಬೇರೆಬೇರೆಯಾಗಿ ಓದುವುದೂ ಉಂಟು. ಎಕ್ಸ್‌ರೇ ಒಂದನ್ನೇ ನೋಡಿ ಆರು ತಿಂಗಳ ಮಾತ್ರೆ ಶುರುಮಾಡುವುದು ಸರಿಯಲ್ಲ. ಕಫ ಪರೀಕ್ಷೆ ಆಗಲೇಬೇಕು.

ಎಕ್ಸ್‌ರೇಯೋ ಕಫ ಪರೀಕ್ಷೆಯೋ ಎಂಬ ಪ್ರಶ್ನೆ ನಮ್ಮ ನೆಲದಲ್ಲೇ ಒರೆಗೆ ಹಚ್ಚಿಸಿಕೊಂಡಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960-61ರಲ್ಲಿ ತುಮಕೂರು ಜಿಲ್ಲೆಯಲ್ಲಿ ಸಮೀಕ್ಷೆ ನಡೆಸಿ ಜನರ ಎಕ್ಸ್‌ರೇ ತೆಗೆಯಿತು. ಅದೇ ಜಿಲ್ಲೆಯ ರೋಗಿಗಳನ್ನು ಮಾತಾಡಿಸಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ, ಅವರಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರೆಂದು ತೋರಿಸಿತು. ಹಾಗಿದ್ದ ಮೇಲೆ ಆಸ್ಪತ್ರೆಗೆ ಬಂದ ಕೆಮ್ಮಿನವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಬಡ ದೇಶಕ್ಕೆ ಒಪ್ಪುವ ದಾರಿ ಎನ್ನುವ ವಾದಕ್ಕೆ ಬಲ ಬಂತು. ಎಕ್ಸ್‌ರೇ ಹಿಂದಕ್ಕೆ ಸರಿಯಿತು. ಆದರೆ ಸೂಕ್ಷ್ಮದರ್ಶಕಕ್ಕೆ ಸಿಕ್ಕಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ರೋಗಾಣು ಇರಬೇಕು, ಮೇಲಾಗಿ ರೋಗಿಗೆ ಕೆಮ್ಮು ಇರಬೇಕು. 2019-21ರ ರಾಷ್ಟ್ರೀಯ ಸಮೀಕ್ಷೆ ಈ ಕೊರತೆಯನ್ನು ಅಂಕಿಯಲ್ಲೇ ಹೇಳಿತು: ಎಕ್ಸ್‌ರೇ ಬಳಸದೆ ಇದ್ದಿದ್ದರೆ ಶೇ. 42.6ರಷ್ಟು ರೋಗಿಗಳು ಲೆಕ್ಕಕ್ಕೆ ಸಿಗದೆ ಹೋಗುತ್ತಿದ್ದರು.

ಈಗ ಕೈಯಲ್ಲಿ ಹಿಡಿದು ಒಯ್ಯುವ ಎಕ್ಸ್‌ರೇ ಯಂತ್ರಗಳು ಹಳ್ಳಿಗೆ ಬರುತ್ತಿವೆ. 15 ವರ್ಷ ಮೇಲ್ಪಟ್ಟವರ ಫಿಲ್ಮನ್ನು ಕಂಪ್ಯೂಟರ್ ತಂತ್ರಾಂಶ ಓದುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಅನುಮಾನ ಬಂದವರ ಕಫದಲ್ಲಿ ರೋಗಾಣುವಿನ ಡಿಎನ್‌ಎ ಹುಡುಕಲು ಸಿಬಿನಾಟ್, ಟ್ರೂನಾಟ್ ಯಂತ್ರಗಳಿವೆ. ಎಕ್ಸ್‌ರೇ ಅನುಮಾನಿಸಲಿ, ಕಫ ತೀರ್ಮಾನಿಸಲಿ. ಈ ಜೋಡಿ ಸರಿಯಾಗಿ ನಡೆದರೆ ತಪ್ಪಿಹೋಗುವವರು ಬಹಳ ಕಡಿಮೆಯಾಗುತ್ತಾರೆ.

ಓದುಗರು ಮಾಡಬಹುದಾದ ಒಂದು ಕೆಲಸವಿದೆ. ಫಿಲ್ಮಿನಲ್ಲಿ ಕಂಡ ಕಲೆ ಹಳೆಯದೋ ಹೊಸದೋ ಎಂದು ಹೇಳಲು ವೈದ್ಯರಿಗೆ ಹಳೆಯ ಫಿಲ್ಮಿನಷ್ಟು ನೆರವಾಗುವುದು ಬೇರೊಂದಿಲ್ಲ. ತಿಂಗಳುಗಟ್ಟಲೆ ಬದಲಾಗದೆ ಇದ್ದ ಕಲೆ ಬಹುಶಃ ವಾಸಿಯಾದ ಗಾಯ, ಬೆಳೆದ ಕಲೆ ಅಲ್ಲ. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ಇಳಿಯುತ್ತಿರುವ ತೂಕ ಕಂಡರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕ್ಷಯದ ಪರೀಕ್ಷೆಯೂ ಮಾತ್ರೆಯೂ ಅಲ್ಲಿ ಉಚಿತ. ಹೋಗುವಾಗ ಬೀರುವಿನಲ್ಲಿಟ್ಟ ಹಳೆಯ ಎಕ್ಸ್‌ರೇಗಳನ್ನೆಲ್ಲ ಜೊತೆಗೆ ಒಯ್ಯಿರಿ.